ವೆಸ್ನಾತ್‌ನಲ್ಲಿ ಯಾವ ಪಡೆ ತಗೋಬೇಕು, ಎದುರಾಳಿ ಕಂಡ ಮೇಲೆ ಏನು ಬದಲಿಸಬೇಕು

ಚಿಕ್ಕಪ್ಪನ ಮಗ ರಜೆಗೆ ಮನೆಗೆ ಬಂದಿದ್ದ. ಇದ್ದದ್ದು ಒಂದೇ ಲ್ಯಾಪ್‌ಟಾಪ್, ಆಡುವವರು ಇಬ್ಬರು. ಅವನ ಸರದಿ ಬಂದಾಗ ನಾನು ಗೋಡೆ ನೋಡಬೇಕು, ನನ್ನ ಸರದಿ ಬಂದಾಗ ಅವನು ಫೋನ್ ನೋಡಬೇಕು. ಆಟ ಬ್ಯಾಟಲ್ ಫಾರ್ ವೆಸ್ನಾತ್. ನಾನು ಲಾಯಲಿಸ್ಟ್ ಪಡೆ ತಗೊಂಡೆ, ಅಂದರೆ ಮನುಷ್ಯರ ಸೈನ್ಯ. ಕೈಯಲ್ಲಿ 100 ಚಿನ್ನ. ತಲಾ 14ರಂತೆ ಆರು ಸ್ಪಿಯರ್‌ಮನ್, 84 ಖಾಲಿ. ಉಳಿದ ಹದಿನಾರರಲ್ಲಿ ಮುಂದಿನ ಸರದಿಗೆ ಇನ್ನೊಬ್ಬ. ಹಳ್ಳಿಗಳಿಂದ ಬಂದ ಆದಾಯದಲ್ಲಿ ಮತ್ತೊಬ್ಬ. ಎಂಟು ಈಟಿಗಳು ಸಾಲಾಗಿ ಹೊರಟವು, ನೋಡೋಕೆ ಥೇಟ್ ದಸರಾ ಮೆರವಣಿಗೆ.

ಐದನೇ ಸರದಿಗೆ ಕತ್ತಲಾಯಿತು. ಮಂಜಿನೊಳಗಿಂದ ಅವನ ಸೈನ್ಯ ಕಾಣಿಸಿತು. ಅವನದು ಅನ್‌ಡೆಡ್, ಅಂದರೆ ಸತ್ತವರ ಪಡೆ: ನಾಲ್ಕು ಸ್ಕೆಲಿಟನ್, ಅವುಗಳ ಬೆನ್ನಿಗೆ ದೂರದಿಂದ ಮಂತ್ರ ಹಾಕುವ ಇಬ್ಬರು ಡಾರ್ಕ್ ಅಡೆಪ್ಟ್.

ಸ್ಪಿಯರ್‌ಮನ್ ಒಂದು ಸಲಕ್ಕೆ ಮೂರು ಬಾರಿ ಚುಚ್ಚುತ್ತಾನೆ, ಒಂದೊಂದಕ್ಕೆ 7. ಅವನು ಹಗಲಿನವನು, ಹಾಗಾಗಿ ರಾತ್ರಿ ಕಾಲು ಭಾಗ ಕಮ್ಮಿ: 5.25. ಎದುರಿಗಿರುವುದು ಬರೀ ಎಲುಬಿನ ಗೂಡು. ಈಟಿ ಹಾಕಿದರೆ ಸಂದಿಯಲ್ಲಿ ತೂರಿ ಆಚೆ ಬರುತ್ತದೆ ಅಷ್ಟೆ. ಆಟದಲ್ಲೂ ಹಾಗೇ ಲೆಕ್ಕ: ಚುಚ್ಚುವ ಏಟಿನಲ್ಲಿ ಶೇ. 60 ಭಾಗ ಸ್ಕೆಲಿಟನ್‌ಗೆ ತಾಕುವುದೇ ಇಲ್ಲ. ಉಳಿದದ್ದು 2. ಮೂರಕ್ಕೆ ಮೂರೂ ಬಿದ್ದರೂ 6. ಸ್ಕೆಲಿಟನ್‌ನ ಜೀವ 34.

"ಅಣ್ಣಾ, ಹಲ್ಲುಕಡ್ಡಿ ತಗೊಂಡು ಯುದ್ಧಕ್ಕೆ ಬಂದಿದೀಯಲ್ಲಾ" ಅಂದ.

ಆವತ್ತು ನಾನು ಬೈದದ್ದು ಪಡೆಯನ್ನು. "ಈ ಲಾಯಲಿಸ್ಟ್ ಪ್ರಯೋಜನ ಇಲ್ಲ." ಆಮೇಲೆ ರೀಪ್ಲೇ ಹಾಕಿ ನೋಡಿದಾಗ ಗೊತ್ತಾಯಿತು. ಅದೇ ಪಡೆಯಲ್ಲಿ ಗದೆ ಹಿಡಿದ ಹೆವಿ ಇನ್‌ಫೆಂಟ್ರಿ ಇದ್ದ, ಮಂತ್ರವಾದಿ ಇದ್ದ. ಸ್ಕೆಲಿಟನ್ ಕಂಡ ಹೊತ್ತಿಗೆ ಅವರನ್ನು ಕರೆಯಲು ನನ್ನ ಹತ್ತಿರ ಚಿನ್ನ ಇರಲಿಲ್ಲ. ಅದಕ್ಕೇ ಈ ಹೋಲಿಕೆಯಲ್ಲಿ "ಯಾವ ಪಡೆ ಬಲಶಾಲಿ" ಅನ್ನುವುದನ್ನು ಪಕ್ಕಕ್ಕಿಟ್ಟಿದ್ದೇನೆ. ಎದುರಾಳಿ ಯಾರು ಅಂತ ಗೊತ್ತಾದ ಮೇಲೆ ಯಾವ ಪಡೆಯಲ್ಲಿ ಎಷ್ಟು ಸುಲಭವಾಗಿ ದಾರಿ ಬದಲಿಸಬಹುದು, ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವೆಸ್ನಾತ್ 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ ಆಟ. ಪೂರ್ತಿ ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್ ಸಾಕು. ಷಟ್ಕೋನದ ಮನೆಗಳ ಮೇಲೆ ಒಬ್ಬರಾದ ಮೇಲೆ ಒಬ್ಬರು ನಡೆಸುವುದು. ಚದುರಂಗದ ತಾಳ್ಮೆ ಬೇಕು, ಚೌಕಾಬಾರದ ಕವಡೆಯಷ್ಟು ಅದೃಷ್ಟವೂ ಇದೆ. ಇಲ್ಲಿ ಹೇಳುವ ಅಂಕಿಗಳು ಆವೃತ್ತಿಯಿಂದ ಆವೃತ್ತಿಗೆ ಒಂದೆರಡು ಅತ್ತಿತ್ತ ಆಗುವುದುಂಟು. ಯೂನಿಟ್ ಮೇಲೆ ಬಲ ಕ್ಲಿಕ್ ಮಾಡಿದರೆ ಅದರ ವಿವರ ಸಿಗುತ್ತದೆ, ಒಮ್ಮೆ ನೋಡಿಕೊಳ್ಳಿ.

ಪಡೆಗಿಂತ ಮೊದಲು ಗಡಿಯಾರ

ಹೊಸಬರು ಯೂನಿಟ್‌ನ ಚಿತ್ರ ನೋಡಿ ಪಡೆ ಆರಿಸುತ್ತಾರೆ. ನಾನೂ ಡ್ರ್ಯಾಗನ್ ಥರ ಕಾಣುತ್ತದೆ ಅಂತಲೇ ಡ್ರೇಕ್ ತಗೊಂಡವನು. ಆದರೆ ನೋಡಬೇಕಾದದ್ದು ಪರದೆಯ ಮೇಲಿರುವ ಸೂರ್ಯನ ಚಿತ್ರ. ಆರು ಸರದಿಗೆ ಒಂದು ದಿನ: ಮುಂಜಾವು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಹಗಲಿನ ಯೂನಿಟ್‌ಗೆ ಬೆಳಗ್ಗೆ, ಮಧ್ಯಾಹ್ನ ಶೇ. 25 ಜಾಸ್ತಿ, ರಾತ್ರಿ ಅಷ್ಟೇ ಕಮ್ಮಿ. ರಾತ್ರಿಯ ಯೂನಿಟ್‌ಗೆ ಇದರ ತಿರುವುಮುರುವು. ಮುಂಜಾವು, ಮುಸ್ಸಂಜೆಯಲ್ಲಿ ಎಲ್ಲರೂ ಸಮ. ಯಾವ ಹೊತ್ತಿಗೂ ಬದಲಾಗದ ತಟಸ್ಥ ಯೂನಿಟ್‌ಗಳೂ ಇವೆ.

ಶೇ. 25 ಅಂದರೆ ಏನು ಮಹಾ ಅನ್ನಿಸಬಹುದು. ಸ್ಪಿಯರ್‌ಮನ್ ಮತ್ತು ಓರ್ಕ್‌ಗಳ ಗ್ರಂಟ್ ಎದುರುಬದುರು ನಿಂತಿದ್ದಾರೆ ಅಂದುಕೊಳ್ಳಿ. ಗ್ರಂಟ್ ಎರಡು ಏಟು ಹಾಕುತ್ತಾನೆ, ಒಂದಕ್ಕೆ 9. ಸ್ಪಿಯರ್‌ಮನ್ 7ರಂತೆ ಮೂರು. ಮಧ್ಯಾಹ್ನ ಇಬ್ಬರೂ ಹೊಡೆದಾಡಿಕೊಂಡರೆ ಗ್ರಂಟ್‌ನ ಏಟು 7ಕ್ಕೆ ಇಳಿಯುತ್ತದೆ, ಸ್ಪಿಯರ್‌ಮನ್‌ನದು 9ಕ್ಕೆ ಏರುತ್ತದೆ. ಎಲ್ಲ ಏಟೂ ಬಿದ್ದರೆ 14ಕ್ಕೆ 27. ಅದೇ ಇಬ್ಬರು ರಾತ್ರಿ ಸಿಕ್ಕರೆ 22ಕ್ಕೆ 15. ಹೊತ್ತು ಒಂದು ಬದಲಾಗಿದ್ದಕ್ಕೇ ಗೆಲ್ಲುವವನು ಬದಲಾದ. ಸಾಲಿನಲ್ಲಿ ಆರು ಜನ ಇದ್ದರೆ ಈ ವ್ಯತ್ಯಾಸ ಆರು ಪಟ್ಟು.

ಹಾಗಾಗಿ ಪಡೆ ಆರಿಸುವುದು ಅಂದರೆ ಒಂದು ದಿನಚರಿ ಆರಿಸಿಕೊಂಡ ಹಾಗೆ. ಯಾವಾಗ ಮುನ್ನುಗ್ಗಬೇಕು, ಯಾವಾಗ ಬಾಲ ಮುದುರಿಕೊಂಡು ಹಿಂದೆ ಸರಿಯಬೇಕು ಅನ್ನುವುದು ಅದರಲ್ಲೇ ಬಂತು. ಹಿಂದೆ ಸರಿಯೋಕೆ ಮನಸ್ಸು ಬಾರದವರು ತಟಸ್ಥರು ಜಾಸ್ತಿ ಇರುವ ಪಡೆ ನೋಡಿಕೊಳ್ಳಿ.

ಇನ್ನೊಂದು ನಿಂತ ಜಾಗ. ಏಟು ತಾಕುವ ಸಾಧ್ಯತೆ ನಿರ್ಧಾರ ಆಗುವುದು ಹೊಡೆಯುವವನ ಕೈಚಳಕದಿಂದಲ್ಲ, ಹೊಡೆಸಿಕೊಳ್ಳುವವನು ಎಲ್ಲಿ ನಿಂತಿದ್ದಾನೆ ಅನ್ನುವುದರಿಂದ. ಮಾಮೂಲಿ ಮನುಷ್ಯ ಹುಲ್ಲಿನ ಮೇಲಿದ್ದರೆ ಶೇ. 60 ತಾಕುತ್ತದೆ, ಹಳ್ಳಿಯೊಳಗೆ ಅಥವಾ ಕೋಟೆಯಲ್ಲಿದ್ದರೆ ಶೇ. 40. ನೀರಿಗಿಳಿದರೆ ಶೇ. 80, ಕತೆ ಮುಗೀತು. ಮಂತ್ರದ ಏಟಿಗೆ ಮಾತ್ರ ಜಾಗದ ಹಂಗಿಲ್ಲ, ಎಲ್ಲಿದ್ದರೂ ಶೇ. 70.

ಲಾಯಲಿಸ್ಟ್: ಅಂಗಡಿ ತುಂಬ ಸಾಮಾನು

ನಾನು ಬೈದ ಪಡೆಯಿಂದಲೇ ಶುರು ಮಾಡೋಣ. ಲಾಯಲಿಸ್ಟ್ ಪೂರ್ತಿ ಹಗಲಿನವರು. ಆದರೆ ಬಗೆಬಗೆಯ ಯೂನಿಟ್ ಇವರಲ್ಲಿ ಇದ್ದಷ್ಟು ಬೇರೆ ಕಡೆ ಇಲ್ಲ. ಈಟಿ, ಬಿಲ್ಲು, ಕುದುರೆ, ಗದೆ, ಮಂತ್ರ, ನೀರಿನಲ್ಲಿ ಈಜುವ ಮರ್‌ಮನ್ ಎಲ್ಲ ಇದೆ. ಹಾಗಾಗಿ ಎದುರಾಳಿ ಯಾರೇ ಬರಲಿ, ಉತ್ತರ ನಿಮ್ಮ ಕೋಟೆಯಲ್ಲೇ ಇರುತ್ತದೆ. ಕರೆಯಬೇಕು ಅಷ್ಟೆ.

ನನ್ನ ಆವತ್ತಿನ ಆಟಕ್ಕೆ ವಾಪಸ್ ಬರೋಣ. ಎರಡು ಸ್ಪಿಯರ್‌ಮನ್ ಬದಲು ಒಬ್ಬ ಹೆವಿ ಇನ್‌ಫೆಂಟ್ರಿ ಇದ್ದಿದ್ದರೆ? ಅವನದು ಜಜ್ಜುವ ಏಟು, 11ರಂತೆ ಎರಡು. ಎಲುಬು ಜಜ್ಜಿದರೆ ಪುಡಿಯಾಗುತ್ತದೆ, ಸ್ಕೆಲಿಟನ್‌ಗೆ ಅದು ಶೇ. 20 ಜಾಸ್ತಿ ತಾಕುತ್ತದೆ. ರಾತ್ರಿಯ ಕಡಿತ ಕಳೆದರೂ ಒಂದೊಂದಕ್ಕೆ 10. ಅಂದರೆ ಸ್ಪಿಯರ್‌ಮನ್‌ನ ಐದು ಪಟ್ಟು. ಮೇಲಾಗಿ ಮೈತುಂಬ ಕಬ್ಬಿಣ, ಸ್ಕೆಲಿಟನ್‌ನ ಕೊಡಲಿ ಏಟು ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಉಬ್ಬಿದ ಕೊಡಲಿಯೂ 4ಕ್ಕೆ ನಿಲ್ಲುತ್ತದೆ. ಕತ್ತಲಲ್ಲೂ ಸ್ಕೆಲಿಟನ್ ಮೇಲೆ ಗೆಲ್ಲುವ ಹಗಲಿನವನು ಇವನು.

ಹಾಗಂತ ಐದು ಹೆವಿ ಇನ್‌ಫೆಂಟ್ರಿ ತಗೊಂಡರೆ ಮತ್ತೆ ಕೆಟ್ಟಿರಿ. ಹಿಂದೆ ಡಾರ್ಕ್ ಅಡೆಪ್ಟ್ ಇದ್ದಾರಲ್ಲ, ಅವರ ಚಳಿ ಮಂತ್ರಕ್ಕೆ ಕಬ್ಬಿಣದ ಅಡ್ಡಿ ಇಲ್ಲ. ರಾತ್ರಿ ಒಂದೊಂದು ಏಟಿಗೆ 13, 14 ಹೋಗುತ್ತದೆ, ಶೇ. 70 ತಾಕುತ್ತದೆ. ದೂರದ ಏಟಿಗೆ ತಿರುಗಿ ಕೊಡಲು ಇವನ ಕೈಯಲ್ಲಿ ಏನೂ ಇಲ್ಲ. ಆಮೆ ನಡಿಗೆ ಬೇರೆ, ಓಡಿ ಹೋಗೋಕೂ ಆಗಲ್ಲ. ಒಬ್ಬರು ಅಥವಾ ಇಬ್ಬರು ಸಾಕು. ಉಳಿದದ್ದಕ್ಕೆ ಮಂತ್ರವಾದಿ, ಒಂದೆರಡು ಕ್ಯಾವಲ್ರಿ. ಅಡೆಪ್ಟ್ ಬಯಲಲ್ಲಿ ಸಿಕ್ಕಿದರೆ ಒಬ್ಬ ಹಾರ್ಸ್‌ಮನ್. ಅವನು ನುಗ್ಗಿದರೆ ಕೊಡುವ ಏಟೂ ದುಪ್ಪಟ್ಟು, ತಿನ್ನುವ ಏಟೂ ದುಪ್ಪಟ್ಟು. ಆದರೆ ಅಡೆಪ್ಟ್ ಹತ್ತಿರದ ಜಗಳದಲ್ಲಿ ತಿರುಗಿ ಹೊಡೆಯುವುದೇ ಇಲ್ಲವಲ್ಲ. ಇದೇ ಹಾರ್ಸ್‌ಮನ್‌ನನ್ನು ಸ್ಪಿಯರ್‌ಮನ್ ಮೇಲೆ ನುಗ್ಗಿಸಬೇಡಿ. ಈಟಿಯವನಿಗೆ ಯಾವಾಗಲೂ ಮೊದಲ ಏಟಿನ ಹಕ್ಕು ಇದೆ, ಅದೂ ದುಪ್ಪಟ್ಟಾಗಿ ಬರುತ್ತದೆ.

ಎದುರಿಗೆ ಡ್ರೇಕ್ ಬಂದರೆ ಪೂರ್ತಿ ಉಲ್ಟಾ. ಆಗ ಅದೇ ಸ್ಪಿಯರ್‌ಮನ್ ಚಿನ್ನದ ಮೊಟ್ಟೆ. ಸ್ಕೆಲಿಟನ್ ಮುಂದೆ ಹಲ್ಲುಕಡ್ಡಿ ಆಗಿದ್ದ ಈಟಿ ಡ್ರೇಕ್ ಮೈಗೆ ಶೇ. 20 ಜಾಸ್ತಿ ಚುಚ್ಚುತ್ತದೆ. ಹೆವಿ ಇನ್‌ಫೆಂಟ್ರಿಯನ್ನು ಮಾತ್ರ ಮರೆತುಬಿಡಿ, ಬೆಂಕಿಯಲ್ಲಿ ಬೇಯುತ್ತಾನೆ.

ಅನ್‌ಡೆಡ್: ಬುಗುರಿ ಆಡಿಸುವವರಿಗೆ

ಎಲ್ಲರೂ ರಾತ್ರಿಯವರು. ಆಯ್ಕೆ ಕಮ್ಮಿ, ಆದರೆ ಒಂದೊಂದೂ ವಿಚಿತ್ರ. ಇವರನ್ನು ಎದುರಿಸುವವನಿಗೆ ಪ್ರತಿ ಯೂನಿಟ್‌ಗೂ ಬೇರೆ ಬೇರೆ ಮದ್ದು ಬೇಕು. ಅದೇ ಇವರ ಬಲ. ಸ್ಕೆಲಿಟನ್‌ಗೆ ಗದೆ ಅಥವಾ ಬೆಂಕಿ. ಘೋಸ್ಟ್‌ಗೆ ಗದೆ, ಕತ್ತಿ, ಈಟಿ ಯಾವುದು ಹಾಕಿದರೂ ಅರ್ಧ ಗಾಳಿಗೆ ಹೋಗುತ್ತದೆ. ಅದಕ್ಕೆ ಮಂತ್ರವೇ ಬೇಕು. ಗೂಲ್ ಮುಟ್ಟಿದರೆ ವಿಷ, ಪ್ರತಿ ಸರದಿ 8 ಜೀವ ಸೋರುತ್ತಾ ಹೋಗುತ್ತದೆ, ಹಳ್ಳಿಗೆ ಓಡಬೇಕು ಅಥವಾ ಗುಣ ಮಾಡುವವರು ಪಕ್ಕದಲ್ಲಿರಬೇಕು. ಡಾರ್ಕ್ ಅಡೆಪ್ಟ್ 16 ಚಿನ್ನಕ್ಕೆ ಸಿಗುವ ದೊಡ್ಡ ಫಿರಂಗಿ. ಆದರೆ ಜೀವ 28, ಮೇಲೆ ಬಿದ್ದರೆ ಕೈ ಎತ್ತಲ್ಲ.

ಅನ್‌ಡೆಡ್ ಆಡುವವರ ಮಾಮೂಲಿ ತಪ್ಪು ಅಡೆಪ್ಟ್‌ಗಳನ್ನು ಜಾಸ್ತಿ ತಗೊಳ್ಳುವುದು. ರಾತ್ರಿ ಇಡೀ ಎದುರಾಳಿಯನ್ನು ಹುರಿದು ಹಾಕುತ್ತಾರೆ. ಬೆಳಗಾದ ಮೇಲೆ ಅವರ ಮುಂದೆ ನಿಲ್ಲುವವರು ಯಾರು? ಎಂಟು ಚಿನ್ನಕ್ಕೆ ಸಿಗುವ ನಡೆಯುವ ಹೆಣ ಇದಕ್ಕೇ ಇರುವುದು. ಅದನ್ನು ಕಂಡು ನಗಬೇಡಿ. ಒಂದು ಮನೆ ತಡೆಯುತ್ತದೆ, ಅದು ಕೊಂದವರೂ ಹೆಣವಾಗಿ ನಿಮ್ಮ ಕಡೆ ಎದ್ದು ಬರುತ್ತಾರೆ. ಲೆವೆಲ್ ಸೊನ್ನೆ ಆದ್ದರಿಂದ ಸಂಬಳವೂ ಇಲ್ಲ. ಆದರೆ ಲೆವೆಲ್ ಸೊನ್ನೆಯವರ ಪಕ್ಕದಲ್ಲಿ ಶತ್ರು ನಿಲ್ಲದೆ ಹಾದು ಹೋಗಬಹುದು, ಈ ಪಡೆಯ ಬಾವಲಿಗೂ ಅದೇ ಕತೆ. ಹೆಣಗಳ ಗೋಡೆಯಲ್ಲಿ ಸಂದಿ ಬಿಟ್ಟರೆ ಗೋಡೆಯೇ ಇಲ್ಲ ಅಂತ ತಿಳಿಯಿರಿ.

ದಾರಿ ಬದಲಿಸುವ ವಿಷಯದಲ್ಲಿ ಅನ್‌ಡೆಡ್ ಸ್ವಲ್ಪ ಗಟ್ಟಿ ಕುತ್ತಿಗೆ. ಎದುರಾಳಿ ಗದೆ ತಂದರೆ ನೀವು ಅಡೆಪ್ಟ್ ಕಡೆ ವಾಲಬೇಕು, ಅಡೆಪ್ಟ್ ಬೇಟೆಯವರು ಬಂದರೆ ಸ್ಕೆಲಿಟನ್, ಗೂಲ್ ಕಡೆ. ಆ ಎರಡರ ನಡುವೆ ಓಲಾಡುವುದರಲ್ಲೇ ಇಡೀ ಆಟ.

ನಾರ್ದರ್ನರ್: ಅಗ್ಗ, ಗಟ್ಟಿ, ಬೇಗ ಕಲಿಯಬಹುದು

ಓರ್ಕ್‌ಗಳು, ಟ್ರೋಲ್‌ಗಳು. ಇವರೂ ರಾತ್ರಿಯವರೇ. ಗ್ರಂಟ್‌ನ ಬೆಲೆ ಬರೀ 12, ಜೀವ 38. ಅನ್‌ಡೆಡ್‌ನಷ್ಟು ತಲೆನೋವಿಲ್ಲ. ಮೊದಲ ಹತ್ತು ಆಟಕ್ಕೆ ಯಾವ ಪಡೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಒಬ್ಬ ಗ್ರಂಟ್ ಸತ್ತರೆ ಹೊಟ್ಟೆ ಉರಿಯಲ್ಲ, ಇನ್ನೊಬ್ಬ ಬರುತ್ತಾನೆ. ಸೈನಿಕರನ್ನು ಮಕ್ಕಳ ಥರ ಕಾಪಾಡುವ ಚಟ ಇರುವವರಿಗೆ ಆ ಚಟ ಬಿಡಿಸುವ ಪಡೆ ಇದು.

ಗ್ರಂಟ್‌ಗೆ ದೂರದ ಏಟು ಇಲ್ಲ, ಇರುವುದೆಲ್ಲ ಕಡಿಯುವ ಏಟು. ಸ್ಕೆಲಿಟನ್ ಎದುರು ಅದರಲ್ಲಿ ಶೇ. 40 ಹೋಗುತ್ತದೆ. ಆಗ ಟ್ರೋಲ್ ವೆಲ್ಪ್ ಕರೆಯಬೇಕು. ಅವನು ಜಜ್ಜುತ್ತಾನೆ, ಮೇಲಾಗಿ ಪ್ರತಿ ಸರದಿ ತಾನಾಗೇ 8 ಜೀವ ತುಂಬಿಕೊಳ್ಳುತ್ತಾನೆ. ಜೊತೆಗೆ ಬೆಂಕಿ ಬಾಣದ ಓರ್ಕ್ ಬಿಲ್ಲುಗಾರ. ಎದುರಾಳಿ ಕಾಡಿನಲ್ಲೋ ಹಳ್ಳಿಯಲ್ಲೋ ಬೇರು ಬಿಟ್ಟು ಕೂತರೆ ಅಸಾಸಿನ್. ಅವನ ಚಾಕುವಿನಲ್ಲಿ ಏಟಿಗಿಂತ ವಿಷ ಮುಖ್ಯ, ಗುರಿಕಾರನಾದ್ದರಿಂದ ಅವನು ದಾಳಿ ಮಾಡಿದಾಗ ಶೇ. 60 ಗ್ಯಾರಂಟಿ. ವಿಷ ಏರಿದವನು ಗುಣವಾಗಲು ಹಿಂದೆ ಹೋಗಲೇಬೇಕು. ಅಲ್ಲಿಗೆ ಸಾಲು ಒಡೆಯಿತು.

ಬೆಳಗಾಗುವಾಗ ಏನು ಮಾಡಬೇಕು ಅನ್ನುವುದು ನಾರ್ದರ್ನರ್ ಆಡುವವರ ನಿಜವಾದ ಪರೀಕ್ಷೆ. ಎರಡನೇ ಜಾವದಲ್ಲಿ ಗೆಲ್ಲುತ್ತಿದ್ದೇನೆ ಅಂತ ಖುಷಿಯಲ್ಲಿ ಇನ್ನೂ ಎರಡು ಮನೆ ಮುಂದೆ ಹೋದರೆ, ಬಿಸಿಲಲ್ಲಿ ಸಿಕ್ಕಿ ಬೀಳುತ್ತೀರಿ. ವೆಲ್ಪ್‌ಗಳನ್ನು ಮುಂದೆ ನಿಲ್ಲಿಸಿ, ಗ್ರಂಟ್‌ಗಳನ್ನು ಹಳ್ಳಿಗಳಿಗೆ ಎಳೆದುಕೊಳ್ಳಿ. ಹಳ್ಳಿಯಲ್ಲಿ ಕೂತರೆ ಸರದಿಗೆ 8 ಜೀವ ವಾಪಸ್.

ರೆಬೆಲ್: ತಪ್ಪಿಗೆ ಮಾಫಿ ಕೊಡುವ ಪಡೆ

ಎಲ್ಫ್‌ಗಳು ತಟಸ್ಥರು. ಹಗಲು ರಾತ್ರಿ ಎರಡೂ ಒಂದೇ. ಕಾಡು ಸಿಕ್ಕರೆ ಇವರಿಗೆ ಏಟು ತಾಕುವುದೇ ಕಷ್ಟ, ಓಡಾಟಕ್ಕೂ ಅಡ್ಡಿಯಿಲ್ಲ. ಎಲ್ಫ್ ಫೈಟರ್‌ಗೆ ಕತ್ತಿಯೂ ಇದೆ ಬಿಲ್ಲೂ ಇದೆ. ಹಾಗಾಗಿ ಮೊದಲ ಖರೀದಿಯಲ್ಲಿ ಏನು ತಗೊಂಡರೂ ಪೂರ್ತಿ ದಂಡ ಅನ್ನಿಸುವುದಿಲ್ಲ. ಶಾಮನ್ ಒಬ್ಬಳಿರಲಿ. ಅವಳು ಗುಣ ಮಾಡುತ್ತಾಳೆ, ಮೇಲಾಗಿ ಬಳ್ಳಿ ಸುತ್ತಿ ಶತ್ರುವಿನ ಏಟು, ನಡಿಗೆ ಎರಡನ್ನೂ ಅರ್ಧ ಮಾಡುತ್ತಾಳೆ. ನುಗ್ಗಿ ಬರುವ ದೊಡ್ಡ ಯೂನಿಟ್‌ಗೆ ಇದಕ್ಕಿಂತ ಅಗ್ಗದ ಕಡಿವಾಣ ಇಲ್ಲ.

ಈ ಪಡೆಯ ಜೂಜು ವೋಸ್. ಅದು ನಡೆಯುವ ಮರ. ಈಟಿ, ಬಾಣ ಯಾವುದೂ ಹತ್ತಲ್ಲ, ತಾನಾಗೇ ಗುಣವಾಗುತ್ತದೆ, ಜಜ್ಜುವ ಏಟು. ಎದುರಾಳಿ ಬರೀ ಸ್ಪಿಯರ್‌ಮನ್ ತಂದಿದ್ದರೆ ಎರಡು ವೋಸ್ ಹಗಲಲ್ಲಿ ಸಾಲನ್ನೇ ತುಳಿದು ಹಾಕುತ್ತವೆ. ಆದರೆ ಮರ ಅಲ್ವಾ, ಬೆಂಕಿ ಕಂಡರೆ ಮುಗೀತು, ಒಂದೂವರೆ ಪಟ್ಟು. ಡ್ರೇಕ್ ಬರ್ನರ್ ಎದುರು ವೋಸ್ ಕರೆಯುವುದು ಒಲೆಗೆ ಸೌದೆ ಒಟ್ಟಿದ ಹಾಗೆ. ಅದಕ್ಕೇ ಎದುರಾಳಿ ಯಾರು ಅಂತ ಗೊತ್ತಾಗುವ ತನಕ ವೋಸ್ ಬೇಡ.

ನಾಲ್ಗನ್ ಮತ್ತು ಒಬ್ಬ ಹುಚ್ಚ

ಕುಳ್ಳ ಡ್ವಾರ್ಫ್‌ಗಳು ತಟಸ್ಥರು, ಅವರ ಜೊತೆಯ ಕಳ್ಳಕಾಕರು ರಾತ್ರಿಯವರು. ಗುಡ್ಡ ಬೆಟ್ಟ ಇರುವ ಮ್ಯಾಪ್ ಸಿಕ್ಕರೆ ಡ್ವಾರ್ಫ್ ಅಲುಗಾಡಲ್ಲ. ಬೆಟ್ಟದ ಮೇಲೆ ಹತ್ತು ಏಟು ಹಾಕಿದರೆ ಮೂರು ತಾಕಿದರೆ ಹೆಚ್ಚು. ಆದರೆ ಬಯಲಲ್ಲಿ ನಿಧಾನ. ಫುಟ್‌ಪ್ಯಾಡ್ ಅನ್ನುವವನು ಬಯಲಲ್ಲೇ ಶೇ. 60 ತಪ್ಪಿಸಿಕೊಳ್ಳುತ್ತಾನೆ, ಅಗ್ಗ, ದೊಣ್ಣೆ ಇದೆ. ಸ್ಕೆಲಿಟನ್ ಎದುರು ಮೊದಲು ಕರೆಯಬೇಕಾದವನು ಇವನೇ. ಡ್ವಾರ್ಫ್ ಫೈಟರ್‌ಗೆ ಕೊಡಲಿ, ಸುತ್ತಿಗೆ ಎರಡೂ ಇವೆ. ಎದುರಿಗೆ ಯಾರಿದ್ದಾರೆ ನೋಡಿ ಕೈ ಬದಲಿಸಿದರೆ ಆಯಿತು. ಥಂಡರರ್ ಬಂದೂಕು ಹಿಡಿದವನು, ಒಂದೇ ಏಟು, 18. ತಾಕಿದರೆ ಹಬ್ಬ, ತಪ್ಪಿದರೆ ಏನೂ ಇಲ್ಲ. ಡ್ರೇಕ್ ಎದುರು ಒಳ್ಳೇದು. ಅನ್‌ಡೆಡ್ ಎದುರು ದುಡ್ಡು ದಂಡ.

ಈಗ ಹುಚ್ಚನ ವಿಷಯ. ಉಲ್ಫ್‌ಸರ್ಕರ್, 19 ಚಿನ್ನ. ಇವನು ಜಗಳ ಹಿಡಿದರೆ ಒಂದು ಸುತ್ತು ಆಯಿತು ಅಂತ ಬಿಡಲ್ಲ. ಇಬ್ಬರಲ್ಲಿ ಒಬ್ಬರು ಸಾಯುವ ತನಕ, ಅಥವಾ 30 ಸುತ್ತು ಆಗುವ ತನಕ ಹೊಡೆದಾಟ. ಅವನ ಏಟು ಚಿಕ್ಕದು, 4ರಂತೆ ನಾಲ್ಕು. ಈಗ ಇವನನ್ನು ಡಾರ್ಕ್ ಅಡೆಪ್ಟ್ ಮೇಲೆ ಬಿಡಿ. ಅಡೆಪ್ಟ್‌ನ ಜೀವ 28, ಏಳು ಏಟು ತಾಕಿದರೆ ಸಾಕು. ಸಿಗುವ ಅವಕಾಶ 120. ಅಡೆಪ್ಟ್ ತಿರುಗಿ ಹೊಡೆಯಲ್ಲ. ಅಂದರೆ ಉಲ್ಫ್‌ಸರ್ಕರ್ ಮೈಮೇಲೆ ಒಂದು ಗೀರೂ ಇಲ್ಲದೆ 16 ಚಿನ್ನದ ಯೂನಿಟ್ ನಕಾಶೆಯಿಂದ ಮಾಯ. ಹೊತ್ತು, ಜಾಗ, ಅದೃಷ್ಟ ಯಾವುದೂ ಲೆಕ್ಕಕ್ಕಿಲ್ಲ. ವೆಸ್ನಾತ್‌ನಲ್ಲಿ ಇಷ್ಟು ಖಾತ್ರಿ ಇರುವ ಇನ್ನೊಂದು ದಾಳಿ ನನಗೆ ಗೊತ್ತಿಲ್ಲ.

ಆಮೇಲೆ ಅವನು ಶತ್ರುಗಳ ನಡುವೆ ಒಬ್ಬನೇ ನಿಂತಿರುತ್ತಾನೆ, ಮುಂದಿನ ಸರದಿಗೆ ಬಹುಪಾಲು ಸಾಯುತ್ತಾನೆ. ಪರವಾಗಿಲ್ಲ, ಎದುರಾಳಿಗೆ ಅಡೆಪ್ಟ್ ಕರೆಯೋಕೆ ಹೆದರಿಕೆ ಬಂತಲ್ಲ. ಆದರೆ ಇವನನ್ನು ಗ್ರಂಟ್ ಮೇಲೋ ಸ್ಕೆಲಿಟನ್ ಮೇಲೋ ಬಿಟ್ಟರೆ ಅದೇ 30 ಸುತ್ತು ಇವನ ಹೆಣ ಬೀಳಿಸುತ್ತದೆ. ಮೊದಲ ಖರೀದಿಯಲ್ಲಿ ಬೇಡವೇ ಬೇಡ. ಅಡೆಪ್ಟ್ ಅಥವಾ ಬರೀ ಬಿಲ್ಲುಗಾರರು ಕಂಡ ಮೇಲೆ ಒಬ್ಬ.

ಡ್ರೇಕ್: ಚೆಂದ, ದುಬಾರಿ

ಹಾರುತ್ತವೆ, ಬೆಂಕಿ ಉಗುಳುತ್ತವೆ, ನಕಾಶೆಯ ಈ ತುದಿಯಿಂದ ಆ ತುದಿಗೆ ಮೂರು ಸರದಿಯಲ್ಲಿ ಹೋಗುತ್ತವೆ. ಆದರೆ ಎಲ್ಲಿ ನಿಂತರೂ ಏಟು ತಾಕುತ್ತದೆ, ಬಯಲಲ್ಲಿ ಶೇ. 70, ಹಳ್ಳಿಯಲ್ಲೂ ಶೇ. 60. ಈಟಿ, ಬಾಣ, ಚಳಿ ಎಲ್ಲ ಜಾಸ್ತಿ ನೋಯುತ್ತದೆ. ಒಂದೊಂದರ ಬೆಲೆ 20ರ ಹತ್ತಿರ. ಸಾಲು ಕಟ್ಟಿ ನಿಲ್ಲುವ ಪಡೆಯಲ್ಲ ಇದು. ಹಗಲಲ್ಲಿ ಬಂದು ಎರಗಿ, ಸಂಜೆಗೆ ಹಾರಿಹೋಗಿ, ಎದುರಾಳಿಯ ಹಿಂದಿನ ಹಳ್ಳಿ ಕಿತ್ತುಕೊಳ್ಳುವ ಪಡೆ. ಕತ್ತಲಲ್ಲಿ ಕೆಲಸ ಮಾಡಲು ಇವರ ಜೊತೆ ಹಲ್ಲಿಯಂಥ ಸಾರಿಯನ್‌ಗಳಿವೆ, ಅವು ರಾತ್ರಿಯವು. ಜೀವ ತೀರಾ ಕಮ್ಮಿ, ಆದರೆ ಕಾಡು, ಗುಡ್ಡ, ಜವುಗಿನಲ್ಲಿ ನುಣುಚಿಕೊಳ್ಳುತ್ತವೆ. ಹಗಲಿಗೊಂದು ಕೈ, ರಾತ್ರಿಗೊಂದು ಕೈ ಅನ್ನುವುದು ಕೇಳೋಕೆ ಚೆನ್ನಾಗಿದೆ. ಎರಡು ಕೈಯನ್ನೂ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿಡಲು ನನಗಂತೂ ಒಂದು ವರ್ಷ ಬೇಕಾಯಿತು.

ಎದುರಿಗೆ ಈಟಿಯವರು ಜಾಸ್ತಿ ಇದ್ದರೆ ಕ್ಲಾಷರ್ ಕರೆಯಿರಿ. ಅವನಿಗೆ ಹಾರಲು ಬರಲ್ಲ, ಆದರೆ ರಕ್ಷಾಕವಚ ಇದೆ, ಈಟಿಗೆ ಅಷ್ಟು ಹೆದರಲ್ಲ. ಜೊತೆಗೆ ಬರ್ನರ್ ದೂರದಿಂದ ಸುಡಲಿ.

ಡ್ಯೂನ್‌ಫೋಕ್ ಅನ್ನುವ ಏಳನೆಯ ಪಡೆಯೂ ಇದೆ. ಅದನ್ನು ನಾನು ಆಡಿದ್ದು ಕಮ್ಮಿ, ಹಾಗಾಗಿ ಬಿಟ್ಟಿದ್ದೇನೆ.

ಚಿನ್ನ ಎಷ್ಟು ಉಳಿಸಬೇಕು

ಇಬ್ಬರ ಆಟದಲ್ಲಿ ಮಾಮೂಲಿಯಾಗಿ 100 ಚಿನ್ನದಿಂದ ಶುರು, ಹಳ್ಳಿಗೆ 2ರಂತೆ ಆದಾಯ. ಉಳಿಸಬೇಕು ಅಂದೆ ಅಂತ ಮೊದಲ ಸರದಿಯಲ್ಲೇ ಮೂವರನ್ನು ಕರೆದು ಸುಮ್ನೆ ಕೂತರೆ ಅದೂ ತಪ್ಪು. ಹಳ್ಳಿಗಳನ್ನು ಹಿಡಿಯಲು ಆಳು ಬೇಕು, ಹಳ್ಳಿ ತಡವಾದಷ್ಟೂ ಆದಾಯ ತಡ. ಮೊದಲ ಖರೀದಿಯಲ್ಲಿ ಐದಾರು ಜನ, ಆದರೆ ಒಂದೇ ಥರದವರು ಎರಡಕ್ಕಿಂತ ಹೆಚ್ಚು ಬೇಡ. ಒಬ್ಬ ವೇಗದವನು ಇರಲಿ: ಕ್ಯಾವಲ್ರಿ, ಬಾವಲಿ, ತೋಳದ ಸವಾರ, ಗ್ರಿಫನ್, ಗ್ಲೈಡರ್, ಯಾರಾದರೂ ಸರಿ. ಅವನ ಮೊದಲ ಕೆಲಸ ದೂರದ ಹಳ್ಳಿ. ಎರಡನೆಯದು ಮಂಜಿನಾಚೆ ಇಣುಕಿ ಎದುರಾಳಿ ಏನು ತಂದಿದ್ದಾನೆ ನೋಡುವುದು. ಹದಿನೇಳು ಚಿನ್ನದ ಕ್ಯಾವಲ್ರಿ ಮೂರನೇ ಸರದಿಗೆ "ಸ್ಕೆಲಿಟನ್ ಬಂತು" ಅಂತ ಸುದ್ದಿ ತಂದರೆ ಅವನ ದುಡ್ಡು ಅಲ್ಲೇ ಹುಟ್ಟಿತು.

ಅಲ್ಲಿಂದ ಎರಡು ಮೂರು ಸರದಿ ಬರುವ ಆದಾಯವನ್ನು ಮುಟ್ಟಬೇಡಿ. ಸುದ್ದಿ ಬಂದ ಮೇಲೆ ಮದ್ದು ಕರೆಯಿರಿ. ನಾಯಕ ಕೋಟೆಯಲ್ಲಿದ್ದರೆ ಮಾತ್ರ ಕರೆಯಲು ಆಗುವುದು ಅನ್ನುವುದನ್ನು ಮರೆಯಬೇಡಿ. ಲೆಫ್ಟಿನೆಂಟ್‌ನಂಥ ನಾಯಕ ಸಿಕ್ಕರೆ ಮುಂದೆ ಕರೆದೊಯ್ಯುವ ಆಸೆ ಆಗುತ್ತದೆ, ಪಕ್ಕದಲ್ಲಿ ನಿಂತ ಕಿರಿಯರ ಏಟಿಗೆ ಶೇ. 25 ಕೂಡಿಸುತ್ತಾನಲ್ಲ. ಹೋಗಲಿ, ಆದರೆ ಮದ್ದು ಕರೆದ ಮೇಲೆ ಹೋಗಲಿ.

ಸಂಬಳದ ಲೆಕ್ಕವೂ ಇದೆ. ಒಂದನೇ ಲೆವೆಲ್‌ನ ಯೂನಿಟ್‌ಗೆ ಸರದಿಗೆ 1 ಚಿನ್ನ. ಪ್ರತಿ ಹಳ್ಳಿ ಒಬ್ಬನ ಸಂಬಳ ಹೊರುತ್ತದೆ. ಹಳ್ಳಿಗಿಂತ ಸೈನಿಕರು ಜಾಸ್ತಿ ಆದ ದಿನದಿಂದ ಆದಾಯ ಸೋರುತ್ತದೆ. ಆಗ ಅರ್ಧ ಸತ್ತ ತಪ್ಪು ಯೂನಿಟ್‌ಗಳನ್ನು ಹಿಂದೆ ಕಾಪಾಡಿಕೊಂಡು ಕೂರುವ ಬದಲು ಮುಂದೆ ಒಂದು ಮನೆ ತಡೆಯಲು ಬಿಟ್ಟುಬಿಡಿ. ಸ್ಕೆಲಿಟನ್ ಎದುರಿನ ಸ್ಪಿಯರ್‌ಮನ್‌ಗೆ ಕಡೇಪಕ್ಷ ಆ ಕೆಲಸ ಬರುತ್ತದೆ.

ದಾಳಿಯ ಕಿಟಕಿಯಲ್ಲಿ ಲೆಕ್ಕ ತೋರಿಸುವ ಒಂದು ಗುಂಡಿ ಇದೆ. ಎಷ್ಟು ಸಾಧ್ಯತೆಯಲ್ಲಿ ಸಾಯುತ್ತಾನೆ, ಎಷ್ಟು ಜೀವ ಉಳಿಯುತ್ತದೆ ಎಲ್ಲ ಅದರಲ್ಲಿ ಬರುತ್ತದೆ. ಹೊಸಬರು ಅದನ್ನು ಒತ್ತುವುದೇ ಇಲ್ಲ. ಆಮೇಲೆ ಕವಡೆ ಸರಿಯಾಗಿ ಬೀಳಲಿಲ್ಲ ಅಂತ ಗೊಣಗುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಈಗಷ್ಟೇ ಶುರು ಮಾಡಿದ್ದರೆ ನಾರ್ದರ್ನರ್. ಒಂದು ತಿಂಗಳಾಗಿದೆ, ಏಟುಗಳ ಬಗೆ ಕಲಿಯಬೇಕು ಅಂದರೆ ಲಾಯಲಿಸ್ಟ್, ಯಾಕೆಂದರೆ ಅಲ್ಲಿ ಪ್ರತಿ ಸಲ ಆರಿಸಲೇಬೇಕು. ಹಿಂದೆ ಸರಿಯುವುದು ಅವಮಾನ ಅನ್ನಿಸುವವರಿಗೆ ರೆಬೆಲ್, ಮ್ಯಾಪ್‌ನಲ್ಲಿ ಗುಡ್ಡಗಳಿದ್ದರೆ ನಾಲ್ಗನ್. ಅನ್‌ಡೆಡ್ ಮತ್ತು ಡ್ರೇಕ್ ಆಮೇಲೆ. ಎರಡರಲ್ಲಿ ಒಂದು ಅಂದರೆ ನಾನು ಅನ್‌ಡೆಡ್ ಅನ್ನುತ್ತೇನೆ. ಡ್ರೇಕ್‌ನಲ್ಲಿ ಒಂದು ಸರದಿ ತಪ್ಪಿದರೆ 20 ಚಿನ್ನ ಕೈಬಿಟ್ಟು ಹೋಗುತ್ತದೆ.

ಆರೂ ಪಡೆ ಸ್ವಲ್ಪ ಸ್ವಲ್ಪ ಬಂದ ಮೇಲೆ ರ್‍ಯಾಂಡಮ್ ಇಟ್ಟುಕೊಳ್ಳಿ. ನಮಗೇನು ಸಿಗುತ್ತದೆ ನಮಗೇ ಗೊತ್ತಿರಲ್ಲ, ಮಂಜು ಹಾಕಿದ್ದರೆ ಎದುರಿನವನು ಯಾರು ಅಂತಲೂ ಗೊತ್ತಿರಲ್ಲ. ಮೊದಲ ಖರೀದಿ ಕಣ್ಣುಮುಚ್ಚಿ, ಎರಡನೆಯದು ಕಣ್ಣುಬಿಟ್ಟು.

ಕಳೆದ ದೀಪಾವಳಿಗೆ ಅವನು ಮತ್ತೆ ಬಂದಿದ್ದ. ಇಬ್ಬರೂ ರ್‍ಯಾಂಡಮ್ ಇಟ್ಟೆವು. ಅವನಿಗೆ ಮತ್ತೆ ಅನ್‌ಡೆಡ್, ನನಗೆ ನಾಲ್ಗನ್. ಗ್ರಿಫನ್ ಹೋಗಿ ಇಣುಕಿ ಬಂತು: ಎರಡು ಗೂಲ್, ಮೂರು ಅಡೆಪ್ಟ್. ಕೈಯಲ್ಲಿ 21 ಚಿನ್ನ ಇತ್ತು. ಉಲ್ಫ್‌ಸರ್ಕರ್‌ನನ್ನು ಕರೆದು ಗುಡ್ಡದ ಹಿಂದೆ ನಿಲ್ಲಿಸಿದೆ. ಮುಂದಿನ ಸರದಿಗೆ ಅಡೆಪ್ಟ್ ಒಬ್ಬ ಸಾಲಿನಿಂದ ಒಂದು ಮನೆ ಆಚೆ ಬಂದ. ಹೊಡೆದಾಟ ಶುರುವಾದ ಮೇಲೆ ಅವನು ಫೋನ್ ಕೆಳಗಿಟ್ಟು ಪರದೆ ಕಡೆ ತಿರುಗಿದ. ನಿಯಮದ ಪ್ರಕಾರ ಅವನು ನೋಡುವಂತಿರಲಿಲ್ಲ, ಆದರೆ ಕೊಡಲಿಯ ಸದ್ದು ನಿಲ್ಲುತ್ತಲೇ ಇರಲಿಲ್ಲವಲ್ಲ. "ಇನ್ನೂ ಮುಗೀಲಿಲ್ವೇನಣ್ಣಾ?" ಅಂದ. ಅಷ್ಟೊತ್ತಿಗೆ ಮುಗಿದಿತ್ತು.